ಇಸ್ಪೀಟು ಜಾದೂವಿನ ವೀಡಿಯೋ ಪಾಠ: ಒಳ್ಳೆಯದನ್ನು ಗುರುತಿಸುವ ಬಗೆ

ಕಳೆದ ವರ್ಷದ ಮಳೆಗಾಲದಲ್ಲಿ, ಆಸಾಡಿ ಅಮಾವಾಸ್ಯೆಯ ಹಿಂದುಮುಂದೆ, ನಾಲ್ಕಾರು ದಿನ ತೆಕ್ಕಟ್ಟೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಹೊರಗೆ ಕಾಲಿಡಲಾಗದ ಮಳೆ. ಗದ್ದೆಯಲ್ಲಿ ನೀರು, ಅಂಗಳದಲ್ಲಿ ನೀರು, ಹೆದ್ದಾರಿಯ ಕಡೆಯಿಂದ ಲಾರಿಗಳು ನೀರು ಸೀಳಿಕೊಂಡು ಹೋಗುವ ಸದ್ದು. ಹಿಂದೆ ಇಂಥ ದಿನಗಳಲ್ಲಿ ದೊಡ್ಡವರು ಚಾವಡಿಯಲ್ಲಿ ಚಾಪೆ ಹಾಸಿಕೊಂಡು ಇಸ್ಪೀಟಿಗೆ ಕೂರುತ್ತಿದ್ದರು. ಹುಡುಗರಾದ ನಾವು ಬೆನ್ನ ಹಿಂದಿನಿಂದ ಇಣುಕಿ ಬೈಸಿಕೊಳ್ಳುತ್ತಿದ್ದೆವು. ಈಗ ಅದೇ ಚಾವಡಿಯಲ್ಲಿ ಅಕ್ಕನ ಮಗ ಒಬ್ಬನೇ ಕೂತಿದ್ದ. ಒಂಬತ್ತನೆಯ ತರಗತಿಯ ಹುಡುಗ. ಎದುರಿಗೆ ಚೊಂಬಿಗೆ ಒರಗಿಸಿಟ್ಟ ಮೊಬೈಲು, ಕೈಯಲ್ಲಿ ಒಂದು ಕಟ್ಟು ಇಸ್ಪೀಟು. ಮೊಬೈಲಿನ ಪರದೆಯಲ್ಲಿ ಯಾವುದೋ ದೇಶದ ತರುಣನೊಬ್ಬ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ಮುಚ್ಚುತ್ತಿದ್ದ.

"ಮಾವ, ಇಲ್ಲ್ ಕಾಣಿ" ಎಂದು ಹುಡುಗ ಒಂದು ಎಲೆ ತೆಗೆಯಹೇಳಿದ. ಆಟೀನು ರಾಣಿ ಬಂತು. ಅದನ್ನು ಕಟ್ಟಿನ ನಡುವೆ ಸೇರಿಸಿ ಒಂದು ಚಿಟಿಕೆ ಹೊಡೆದ. ರಾಣಿ ಮೇಲಕ್ಕೆ ಬಂದಿದ್ದಳು. ಇನ್ನೊಮ್ಮೆ ಸೇರಿಸಿದ, ಇನ್ನೊಮ್ಮೆ ಬಂದಳು. ನಿಜ ಹೇಳುತ್ತೇನೆ, ನನಗೆ ತಿಳಿಯಲಿಲ್ಲ. ಹುಡುಗನ ಕಣ್ಣಿನ ಹೊಳಪು ನೋಡಬೇಕಿತ್ತು.

ಮೂರು ದಿನಗಳ ಬಳಿಕ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟವಾಗಿ, ಎಲೆಅಡಿಕೆಗೆ ಕೂತ ನೆಂಟರ ನಡುವೆ ಹುಡುಗ ತನ್ನ ಕಟ್ಟು ಬಿಚ್ಚಿದ. ಇಪ್ಪತ್ತು ಮಂದಿ ಸುತ್ತ ನೆರೆದರು. ಆಟ ಶುರುವಾಗಿ ಅರ್ಧ ನಿಮಿಷವಾಗಿರಲಿಲ್ಲ, ಅವನ ಬೆನ್ನ ಹಿಂದೆ ಕಂಬ ಹಿಡಿದು ನಿಂತಿದ್ದ ಆರು ವರ್ಷದ ಹುಡುಗಿಯೊಬ್ಬಳು ಕೂಗಿದಳು: "ಹೋಯ್, ಅದ್ರಲ್ ಎರಡ್ ಎಲಿ ಇತ್ತ್!"

ಚಾವಡಿ ಪೂರಾ ನಕ್ಕಿತು. ಯಾರದೂ ಕೆಟ್ಟ ನಗುವಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಕಟ್ಟನ್ನು ಜೇಬಿಗೆ ಹಾಕಿ ಮಾಳಿಗೆ ಹತ್ತಿದವನು ಸಂಜೆಯ ತನಕ ಇಳಿದು ಬರಲಿಲ್ಲ. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡನ್ನು ಕೂಡಿಹಾಕಿ ಆ ಪಾಠವನ್ನು ಅವನು ಕೊಂಡುಕೊಂಡಿದ್ದನೆಂದು ಅಕ್ಕ ಆಮೇಲೆ ಹೇಳಿದಳು. ರಾತ್ರಿ ಆ ಪಾಠವನ್ನು ನಾನೂ ಆದಿಯಿಂದ ಅಂತ್ಯದವರೆಗೆ ನೋಡಿದೆ. ನಲವತ್ತು ನಿಮಿಷದ ವೀಡಿಯೋ. ಬಣ್ಣದ ದೀಪವಿತ್ತು, ಸಂಗೀತವಿತ್ತು. ಬೆನ್ನ ಹಿಂದೆ ಯಾರಾದರೂ ನಿಂತರೆ ಏನಾದೀತು ಎಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ತಪ್ಪು ಹುಡುಗನದಲ್ಲ. ಅವನಿಗೆ ಪಾಠವನ್ನು ಪೂರ್ತಿ ಹೇಳಿಕೊಟ್ಟಿರಲಿಲ್ಲ.

ವಾಚಕರೆ, ತಮ್ಮ ಮನೆಯಲ್ಲಿಯೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ ಆಶ್ಚರ್ಯವಿಲ್ಲ. ಉಡುಪಿಯ ಪ್ರೊಫೆಸರ್ ಶಂಕರ್, ಮಂಗಳೂರಿನ ಕುದ್ರೋಳಿ ಗಣೇಶ್ ಅವರ ಪ್ರದರ್ಶನ ನೋಡಿ ಬಂದ ಮಕ್ಕಳು ಮನೆಯಲ್ಲಿ ಮೊದಲು ಹುಡುಕುವುದು ಇಸ್ಪೀಟಿನ ಕಟ್ಟನ್ನೇ. ಗುರುವಿನ ಬಳಿ ಹೋಗಿ ಕಲಿಯುವ ಅನುಕೂಲ ಎಲ್ಲರಿಗೂ ಇಲ್ಲ, ಪರದೆಯೇ ಗುರು. ಹಾಗಾದರೆ ಆ ಗುರು ಎಂಥವನೆಂದು ತಿಳಿಯುವುದು ಹೇಗೆ? ಅಕ್ಕಿಯಾದರೆ ಅಂಗೈಯಲ್ಲಿ ಹಾಕಿ ನೋಡಬಹುದು. ಜಾದೂ ಪಾಠವನ್ನು ಮೊದಲೇ ತೆರೆದು ತೋರಿಸಿಬಿಟ್ಟರೆ ಮಾರುವವನಿಗೆ ಮಾರಲು ಏನೂ ಉಳಿಯುವುದಿಲ್ಲ. ಗುಟ್ಟನ್ನು ಕೊಳ್ಳುವವನು ಕಣ್ಣುಮುಚ್ಚಿ ಕೊಳ್ಳಬೇಕು. ಈ ವ್ಯಾಪಾರದ ತೊಡಕೆಲ್ಲ ಇರುವುದು ಇಲ್ಲಿಯೇ.

ಹಿಂದೆ ಈ ವಿದ್ಯೆ ಪುಸ್ತಕಗಳಲ್ಲಿತ್ತು. ಇಂಗ್ಲೆಂಡಿನಲ್ಲಿ ೧೮೭೬ರಲ್ಲಿ ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಿಂದ ಪ್ರಕಟವಾದ 'ಮಾಡರ್ನ್ ಮ್ಯಾಜಿಕ್' ಒಂದು ದೊಡ್ಡ ಮೆಟ್ಟಿಲು. ೧೯೦೨ರಲ್ಲಿ, ಅಂದರೆ ತೆಕ್ಕಟ್ಟೆಯ ನೆರೆಯ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದ ವರ್ಷವೇ, ಅಮೆರಿಕದ ಷಿಕಾಗೋ ನಗರದಲ್ಲಿ 'ದಿ ಎಕ್ಸ್‌ಪರ್ಟ್ ಅಟ್ ದ ಕಾರ್ಡ್ ಟೇಬಲ್' ಹೊರಬಂತು. ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬುದು ಅದರ ಕರ್ತೃವಿನ ಹೆಸರು. ಆ ಹೆಸರಿನ ಹಿಂದೆ ಇದ್ದ ಮನುಷ್ಯ ಯಾರೆಂಬ ಜಗಳ ಇಂದಿಗೂ ತೀರಿಲ್ಲ. ಅದರಲ್ಲಿರುವುದು ನೂರೊಂದು ರೇಖಾಚಿತ್ರಗಳು, ಮಿಕ್ಕಿದ್ದೆಲ್ಲ ಮಾತು. ಯಾವ ಬೆರಳು ಎಲ್ಲಿ, ಯಾವ ಗಳಿಗೆಯಲ್ಲಿ ಎಷ್ಟು ಒತ್ತಬೇಕು ಎಂಬುದನ್ನೆಲ್ಲ ಬರಿಯ ಮಾತಿನಲ್ಲಿ ಕಟ್ಟಿಕೊಟ್ಟ ಪುಸ್ತಕ. ಕೆನಡಾದ ಡಾಯ್ ವರ್ನನ್ (೧೮೯೪–೧೯೯೨) ಇದನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿಕೊಂಡಿದ್ದ. ನಮ್ಮ ಹುಡುಗ ಮಾಡಿದಂಥದೇ ಆಟದಿಂದ, ನಡುವೆ ಇಟ್ಟ ಎಲೆ ಮೇಲೆ ಬರುವ ಆಟದಿಂದ, ೧೯೨೨ರಲ್ಲಿ ಇವನು ಹೂಡಿನಿಯಂಥ ಹೂಡಿನಿಯನ್ನು ತಬ್ಬಿಬ್ಬು ಮಾಡಿದ್ದು ಜಾದೂಗಾರರ ಲೋಕದಲ್ಲಿ ಮನೆಮಾತು. ಆಮೇಲೆ ೧೯೪೮ರಲ್ಲಿ ಹ್ಯೂಗಾರ್ಡ್ ಮತ್ತು ಬ್ರಾವೆ ಎಂಬ ಇಬ್ಬರು ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್' ಬಂತು. ಹರಿಕಾರರಿಗೆ ಅದು ಇಂದಿಗೂ ಮೊದಲ ಪುಸ್ತಕ. ೧೯೯೦ರ ದಶಕದಲ್ಲಿ ಮೈಕೇಲ್ ಆಮರ್ ಮೊದಲಾದವರ ಪಾಠಗಳು ವೀಡಿಯೋ ಟೇಪಿನಲ್ಲಿ ಮನೆಮನೆಗೆ ಬಂದುವು. ೨೦೦೫ರಲ್ಲಿ ಯೂಟ್ಯೂಬ್ ಹುಟ್ಟಿದ ಮೇಲೆ ಕಟ್ಟೆ ಒಡೆಯಿತು. ಈಗ ಇರುವ ಪಾಠಗಳನ್ನು ಒಂದು ಜನ್ಮದಲ್ಲಿ ನೋಡಿ ಮುಗಿಸುವಂತಿಲ್ಲ.

ಕಣ್ಣಿಗೆ ಕಾಣುವುದರಿಂದ ವೀಡಿಯೋ ಪುಸ್ತಕಕ್ಕಿಂತ ಮೇಲು ಎಂದು ತೋರುವುದು ಸಹಜ. ಅರ್ಧ ನಿಜ. ಪುಸ್ತಕ ಬರೆಯುವವನು ಸೋಮಾರಿಯಾದರೆ ಸಿಕ್ಕಿಬೀಳುತ್ತಾನೆ, ಅವನ ವಾಕ್ಯ ಅರ್ಥವಾಗುವುದಿಲ್ಲ. ವೀಡಿಯೋದವನು ಸೋಮಾರಿಯಾದರೆ "ಹೀಗೆ ಹಿಡಿಯಿರಿ, ಹೀಗೆ ಮಾಡಿ, ಆಯಿತು" ಎಂದು ಹೇಳಿ ದಾಟಿಬಿಡಬಹುದು. ನೋಡುವವನಿಗೂ ತಿಳಿದಂತೆಯೇ ಅನಿಸುತ್ತದೆ. ಕಟ್ಟು ಕೈಗೆ ಬಂದಾಗ ಗೊತ್ತಾಗುತ್ತದೆ, ತಿಳಿದದ್ದು ಏನೂ ಇಲ್ಲವೆಂದು.

ಆದ್ದರಿಂದ ನಾನು ಹೇಳುವ ಮೊದಲ ಪರೀಕ್ಷೆ ರೇಡಿಯೋ ಕೇಳುವವರ ಪರೀಕ್ಷೆ. ಈ ಪತ್ರಿಕೆಯ ವಾಚಕರು ಮೊದಲು ಶ್ರೋತೃಗಳು. ಕಿವಿಯ ಮೇಲೆ ಅವರಿಗೆ ನಂಬಿಕೆಯುಂಟು. ಮೊಬೈಲನ್ನು ಬೋರಲು ಹಾಕಿ ಪಾಠವನ್ನು ಬರಿದೆ ಕೇಳಿ. ಎಡಗೈಯ ಹೆಬ್ಬೆರಳು ಕಟ್ಟಿನ ಎಡ ಅಂಚಿನ ಮೇಲೆ, ತೋರುಬೆರಳು ಮುಂದಿನ ಅಂಚನ್ನು ಬಳಸಿ, ಉಳಿದ ಮೂರು ಬೆರಳು ಬಲ ಅಂಚಿನ ಮೇಲೆ: ಹೀಗೆ ಹೇಳುತ್ತಾನೆಯೆ? ಹೇಳಿದರೆ ಅವನು ಕಲಿಸಬಲ್ಲವನು. ಪರದೆ ಕಾಣದಿದ್ದಾಗ ಅವನ ಮಾತು ಬರೀ 'ಹೀಗೆ', 'ಹಾಗೆ', 'ನೋಡಿ' ಆಗಿ ಉಳಿದರೆ ಅವನು ಮಾಡಬಲ್ಲವನು ಮಾತ್ರ. ಮಾಡಬಲ್ಲವನೂ ಕಲಿಸಬಲ್ಲವನೂ ಒಬ್ಬನೇ ಆಗಿರಬೇಕೆಂಬ ನಿಯಮ ಯಾವ ವಿದ್ಯೆಯಲ್ಲಿಯೂ ಇಲ್ಲ. ತೆಕ್ಕಟ್ಟೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಮೆಯ ಯಶಸ್ವೀ ಕಲಾವೃಂದದಲ್ಲಿ ಮಕ್ಕಳು ಯಕ್ಷಗಾನದ ಹೆಜ್ಜೆ ಕಲಿಯುವುದನ್ನು ಅವರು ಕಂಡಿದ್ದಾರೆ. ಕುಣಿತಕ್ಕೆ ಬಾಯಿತಾಳವೆಂಬುದೊಂದಿದೆ, ಕಾಲು ಎತ್ತುವ ಮೊದಲು ನಾಲಗೆಯಲ್ಲಿ ಹೆಜ್ಜೆ ಕೂರಬೇಕು. ಇಸ್ಪೀಟಿನ ಜಾದೂವಿಗೆ ಅಂಥ ಬಾಯಿತಾಳವಿಲ್ಲ. ಬೆರಳುಗಳ ಹೆಸರು ಹಿಡಿದು ಹೇಳುವ ಮಾತೇ ಅದರ ಬಾಯಿತಾಳ.

ಮಾತಿನಿಂದಲೇ ಜಾದೂ ಕಲಿಸಲು ಸಾಧ್ಯವೆ ಎಂದು ಕೇಳಬಹುದು. ಕಣ್ಣಿಗೆ ಕಾಣದ ಬೊಂಬೆಯನ್ನು ಮಾತನಾಡಿಸುವ ಪೀಟರ್ ಬ್ರಾ ಎಂಬವನ ಕಾರ್ಯಕ್ರಮ ೧೯೫೦ರಿಂದ ಬಿ.ಬಿ.ಸಿ. ರೇಡಿಯೋದಲ್ಲಿ ವರ್ಷಗಟ್ಟಲೆ ನಡೆಯಿತು! ನನ್ನದು ಅಷ್ಟು ದೊಡ್ಡ ಸಾಹಸವಲ್ಲ. ಒಂದು ಕಟ್ಟು ತೆಗೆದುಕೊಂಡು ಕೂತು ಇದನ್ನು ಓದಿ.

ಯಾವುದಾದರೂ ಇಪ್ಪತ್ತೊಂದು ಎಲೆ ಎಣಿಸಿಕೊಳ್ಳಿ. ಎದುರಿನವರು ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಎಲೆಗಳನ್ನು ಮುಖ ಮೇಲಾಗಿ, ಎಡದಿಂದ ಬಲಕ್ಕೆ ಒಂದೊಂದರಂತೆ ಹಾಕುತ್ತ ಮೂರು ಸಾಲು ಮಾಡಿ. ಒಂದೊಂದು ಸಾಲಿಗೆ ಏಳು ಎಲೆ. ತಮ್ಮ ಎಲೆ ಯಾವ ಸಾಲಿನಲ್ಲಿದೆ ಎಂದಷ್ಟೇ ಅವರು ಹೇಳಬೇಕು. ಆ ಸಾಲನ್ನು ಮಿಕ್ಕೆರಡರ ನಡುವೆ ಇಟ್ಟು ಕಟ್ಟನ್ನು ಕೂಡಿಸಿ. ಮತ್ತೆ ಹಾಗೆಯೇ ಹಾಕಿ, ಕೇಳಿ, ನಡುವೆ ಇಡಿ. ಮೂರನೆಯ ಸಲವೂ ಹಾಗೆಯೇ. ಈಗ ಮೇಲಿನಿಂದ ಹನ್ನೊಂದನೆಯದು ಅವರ ಎಲೆ.

ಇಷ್ಟನ್ನು ಯಾವ ವೀಡಿಯೋ ಆದರೂ ಹೇಳುತ್ತದೆ. ಒಳ್ಳೆಯದು ಏಕೆ ಎಂಬುದನ್ನೂ ಹೇಳುತ್ತದೆ. ಮೊದಲ ಸಲ ನಡುವೆ ಇಟ್ಟಾಗ ಆ ಎಲೆ ಎಂಟರಿಂದ ಹದಿನಾಲ್ಕರೊಳಗೆ ಎಲ್ಲಿಯೋ ಒಂದು ಕಡೆ ಇರುತ್ತದೆ. ಮತ್ತೆ ಸಾಲು ಹಾಕಿದಾಗ ಅದು ತನ್ನ ಸಾಲಿನ ಮೂರನೆಯದೋ ನಾಲ್ಕನೆಯದೋ ಐದನೆಯದೋ ಆಗುತ್ತದೆ. ಎರಡನೆಯ ಸಲ ನಡುವೆ ಇಟ್ಟಾಗ ಹತ್ತು, ಹನ್ನೊಂದು, ಹನ್ನೆರಡರಲ್ಲಿ ಒಂದು. ಮೂರನೆಯ ಸಲ ಹಾಕುವಾಗ ಈ ಮೂರೂ ತಮ್ಮ ತಮ್ಮ ಸಾಲಿನ ನಾಲ್ಕನೆಯ ಸ್ಥಾನದಲ್ಲಿ, ಸರಿಯಾಗಿ ನಡುಮಧ್ಯದಲ್ಲಿ, ಬಂದು ಕೂರುತ್ತವೆ. ಮೇಲಿನ ಸಾಲಿನ ಏಳು, ತನ್ನ ಸಾಲಿನ ನಾಲ್ಕು, ಒಟ್ಟು ಹನ್ನೊಂದು. ಏಕೆಂಬುದು ತಿಳಿದವನಿಗೆ ಇನ್ನೂ ಒಂದು ಲಾಭವುಂಟು. ಇಪ್ಪತ್ತೊಂದರಲ್ಲಿ ಹನ್ನೊಂದು ನಟ್ಟನಡುವಿನದು. ಸಾಲುಗಳನ್ನು ಎತ್ತುವಾಗ ಗಾಬರಿಯಲ್ಲಿ ಕಟ್ಟು ಅಡಿಮೇಲಾದರೂ ಅದು ಹನ್ನೊಂದನೆಯದೇ. ಯಾವ ತಪ್ಪು ಆಟವನ್ನು ಕೆಡಿಸುತ್ತದೆ, ಯಾವುದು ಕೆಡಿಸುವುದಿಲ್ಲ ಎಂದು ಅರಿತವನ ಕೈ ನಡುಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೆರ್ಗೋನ್ ಎಂಬ ಫ್ರೆಂಚ್ ಗಣಿತಜ್ಞ ಇದೇ ಜಾತಿಯ ಇಪ್ಪತ್ತೇಳು ಎಲೆಗಳ ಆಟವನ್ನು ಕೈಗೆತ್ತಿಕೊಂಡು ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿದ್ದಾನೆ. ಗಣಿತದ ಮೇಷ್ಟರು ಇದನ್ನು ತರಗತಿಯಲ್ಲಿ ಉಪಯೋಗಿಸಿದರೆ ಯಾರೂ ಬೇಡವೆನ್ನರು.

ಇನ್ನು ಕಣ್ಣಿನ ಪರೀಕ್ಷೆ. ಪರದೆಯನ್ನು ಮೇಲೆ ಮಾಡಿ. ಮೊದಲು ನೋಡಬೇಕಾದ್ದು ಎಲೆಯ ಮೂಲೆ. ಇಸ್ಪೀಟೆಲೆಯ ಅಂಕಿ ಸಾಮಾನ್ಯವಾಗಿ ಮೇಲಿನ ಎಡ ಮೂಲೆಯಲ್ಲಿಯೂ ಕೆಳಗಿನ ಬಲ ಮೂಲೆಯಲ್ಲಿಯೂ ಇರುತ್ತದೆ. ವೀಡಿಯೋದಲ್ಲಿ ಅದು ಮೇಲಿನ ಬಲಕ್ಕೆ ಬಂದಿದ್ದರೆ, ಏಳು ಕನ್ನಡಿಯೊಳಗಿನ ಏಳಾಗಿದ್ದರೆ, ಚಿತ್ರ ತಿರುಗುಮುರುಗಾಗಿದೆ. ಮೊಬೈಲಿನ ಮುಂದಿನ ಕಣ್ಣಿನಿಂದ ತೆಗೆದ ಪಾಠಗಳಲ್ಲಿ ಇದು ಆಗುವುದುಂಟು. ಅಲ್ಲಿ ಬಲಗೈ ಎಡಗೈಯಾಗಿರುತ್ತದೆ. ಗುರು ಗೊತ್ತಿದ್ದೇ ಹಾಗೆ ಮಾಡಿ, ಮೊದಲೇ ತಿಳಿಸಿದ್ದರೆ ಬಾಧಕವಿಲ್ಲ. ತಿಳಿಸದೆ ಇದ್ದರೆ ಕಲಿಯುವವನು ತಿಂಗಳುಗಟ್ಟಲೆ ತಪ್ಪು ಕೈಯಲ್ಲಿ ತಾಲೀಮು ಮಾಡುತ್ತಾನೆ. ಬೆರಳಿಗೆ ಒಮ್ಮೆ ಹತ್ತಿದ ಚಾಳಿ ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ.

ಎರಡನೆಯದು, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದು. ನೋಡುವವರ ಕಡೆಯಿಂದ ಮಾತ್ರ ತೆಗೆದ ಪಾಠ ಅರ್ಧ ಪಾಠ. ಕಲಿಯುವವನಿಗೆ ಬೇಕಾದದ್ದು ಗುರುವಿನ ಹೆಗಲ ಮೇಲಿನಿಂದ ಕಾಣುವ ನೋಟ, ತನ್ನ ಕೈಯನ್ನು ತಾನೇ ನೋಡಿಕೊಂಡಂತೆ. ಯಕ್ಷಗಾನದ ಗುರುಗಳು ಹೆಜ್ಜೆ ತೋರಿಸುವಾಗ ಎಷ್ಟೋ ಸಲ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುವುದು ಇದೇ ಕಾರಣಕ್ಕೆ. ಎರಡೂ ನೋಟ ಇರಬೇಕು. ಒಂದೇ ಚಲನೆಯನ್ನು ನಿಧಾನವಾಗಿಯೂ ನಿಜವಾದ ವೇಗದಲ್ಲಿಯೂ ತೋರಿಸಬೇಕು. ನಿಧಾನವಾಗಿ ಮಾತ್ರ ತೋರಿಸಿದರೆ ಲಯ ತಿಳಿಯದು. ವೇಗವಾಗಿ ಮಾತ್ರ ತೋರಿಸಿದರೆ ಗುರುವಿನ ಕೈಚಳಕಕ್ಕೆ ಚಪ್ಪಾಳೆ ತಟ್ಟಿ ಬರಬೇಕಾಗುತ್ತದೆ.

ಪರದೆಗೆ ತನ್ನದೇ ಒಂದು ಇಂದ್ರಜಾಲವುಂಟು. ೧೯೫೬ರ ಏಪ್ರಿಲ್‌ನಲ್ಲಿ ನಮ್ಮ ಬಂಗಾಳದ ಪಿ. ಸಿ. ಸರ್ಕಾರ್ ಲಂಡನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಎರಡು ತುಂಡು ಮಾಡಿ ತೋರಿಸಿದರು. ಅವಳನ್ನು ಮತ್ತೆ ಎಬ್ಬಿಸುವ ಮೊದಲೇ ಕಾರ್ಯಕ್ರಮ ಥಟ್ಟನೆ ಮುಗಿಯಿತು. ಹುಡುಗಿ ಸತ್ತೇಹೋದಳೆಂದು ನಂಬಿದ ಜನ ದೂರವಾಣಿಯ ಮೇಲೆ ದೂರವಾಣಿ ಮಾಡಿದರು. ಮರುದಿನ ಸರ್ಕಾರರ ಹೆಸರು ಪತ್ರಿಕೆಗಳ ಮುಖಪುಟದಲ್ಲಿ. ಎಲ್ಲಿ ಕತ್ತರಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಇಲ್ಲಿ ನಾನು ಹೇಳುತ್ತಿರುವುದು ಚಿತ್ರದ ಕತ್ತರಿಯ ಮಾತು. ಪಾಠ ಮಾರುವವರ ಜಾಹೀರಾತುಗಳಲ್ಲಿ ಆ ಕತ್ತರಿ ಪುರುಸೊತ್ತಿಲ್ಲದೆ ಕೆಲಸ ಮಾಡುತ್ತದೆ. ಎಲೆ ತೆಗೆಯುವುದು ಕಾಣುತ್ತದೆ. ಮರುಕ್ಷಣ ಬೀದಿಯ ಹುಡುಗಿಯರು ಬಾಯಿ ಮುಚ್ಚಿಕೊಂಡು ಕಿರಿಚುವುದು ಕಾಣುತ್ತದೆ. ನಡುವೆ ನಡೆದದ್ದು ಮಾತ್ರ ಕಾಣುವುದಿಲ್ಲ. ಕಿರಿಚಾಟ ತೋರಿಸುವ ಜಾಹೀರಾತಿಗೆ ದುಡ್ಡು ಕೊಡಬೇಡಿ. ಆಟವನ್ನು ಆರಂಭದಿಂದ ಕೊನೆಯವರೆಗೆ ಒಂದೇ ಹಿಡಿತದಲ್ಲಿ, ಕೈ ಚೌಕಟ್ಟಿನ ಹೊರಗೆ ಹೋಗದಂತೆ, ನಿಜವಾದ ಮನುಷ್ಯರ ಮುಂದೆ ಮಾಡಿ ತೋರಿಸಿದ್ದರೆ ಮುಂದಿನ ಮಾತು. ಗುಟ್ಟನ್ನು ತೋರಿಸಬೇಕಾಗಿಲ್ಲ, ಆಟವನ್ನು ತೋರಿಸಲು ಅಂಜಿಕೆಯೇಕೆ?

ನಮ್ಮ ಕಡೆಯ ಕಲಿಯುವವರಿಗೆ ಒಂದು ವಿಶೇಷ ತೊಂದರೆಯಿದೆ. ಅದು ಎಲೆ ಕಲಸುವ ರೀತಿಗೆ ಸಂಬಂಧಪಟ್ಟದ್ದು. ಇಂಗ್ಲಿಷ್ ಪಾಠಗಳಲ್ಲಿ ಕಟ್ಟನ್ನು ಅಡ್ಡವಾಗಿ ಹಿಡಿದು ಹೆಬ್ಬೆರಳಿನಿಂದ ಎಲೆ ಬೀಳಿಸುತ್ತ ಕಲಸುತ್ತಾರೆ. ಇಲ್ಲವೆ ಎರಡು ಭಾಗ ಮಾಡಿ ಮೂಲೆಗಳನ್ನು ಬಾಗಿಸಿ ಪಟಪಟನೆ ಒಂದರೊಳಗೊಂದು ಸೇರಿಸುತ್ತಾರೆ. ನಮ್ಮ ಚಾವಡಿಗಳಲ್ಲಿ ಹಾಗೆ ಕಲಸುವವರು ಕಡಿಮೆ. ನಾವು ಕಟ್ಟನ್ನು ಒಂದು ಕೈಯಲ್ಲಿ ತುದಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಒಂದೊಂದು ಹಿಡಿ ಎಲೆ ಎಳೆದು ಅಂಗೈಗೆ ಬೀಳಿಸುತ್ತ ಹೋಗುತ್ತೇವೆ. ತಮಾಷೆಯೆಂದರೆ ಈ ರೀತಿಗೆ ಪಾಶ್ಚಾತ್ಯ ಜಾದೂಗಾರರು 'ಹಿಂದೂ ಷಫಲ್' ಎಂದು ಹೆಸರಿಟ್ಟು, ಇದರ ಮೇಲೆಯೇ ಅಧ್ಯಾಯಗಳನ್ನು ಬರೆದಿದ್ದಾರೆ. ತಾವು ಹುಟ್ಟಿದಾರಭ್ಯ ಮಾಡುತ್ತಿರುವ ಕೆಲಸಕ್ಕೆ ಅಂಥ ಹೆಸರಿದೆಯೆಂದು ತೆಕ್ಕಟ್ಟೆಯ ಹಿರಿಯರಿಗೆ ಹೇಳಿದೆ. "ಹಾಂಗಾ?" ಎಂದು ಎಲೆ ಹಾಕುವುದನ್ನು ಮುಂದುವರಿಸಿದರು.

ಇದು ಬರಿಯ ತಮಾಷೆಯಲ್ಲ. ಕೈಚಳಕದ ಮೊದಲ ನಿಯಮ, ನೋಡುವವರಿಗೆ ಯಾವುದೂ ಹೊಸದಾಗಿ ಕಾಣಬಾರದು. ನಾಲ್ಕು ಜನ ಒಂದು ರೀತಿಯಲ್ಲಿ ಕಲಸುವ ಊರಿನಲ್ಲಿ ಹುಡುಗನೊಬ್ಬ ಪರದೇಶದ ರೀತಿಯಲ್ಲಿ ಕಲಸತೊಡಗಿದರೆ ಎಲ್ಲರ ಕಣ್ಣೂ ಅವನ ಕೈಗೇ ಹೋಗುತ್ತದೆ. ಹೋಗಬಾರದ ಹೊತ್ತಿನಲ್ಲಿ, ಹೋಗಬಾರದ ಕಡೆಗೆ. ನಮ್ಮ ರೀತಿಯ ಕಲಸುವಿಕೆಯಲ್ಲಿಯೂ ಬೇಕಾದ ಎಲೆಯನ್ನು ಬೇಕಾದಲ್ಲಿ ಉಳಿಸಿಕೊಳ್ಳುವ, ಕೊಡಬೇಕಾದ ಎಲೆಯನ್ನೇ ಕೊಡುವ ಉಪಾಯಗಳಿವೆ. ಅವು ಕಷ್ಟವೂ ಅಲ್ಲ. ಆದಕಾರಣ ಒಂದು ಪಾಠಮಾಲೆಯನ್ನು ಆರಿಸುವಾಗ ಹಿಂದೂ ಷಫಲ್‌ಗೆ ಅದರಲ್ಲಿ ಜಾಗವಿದೆಯೆ ಎಂದು ನೋಡಿ. ಇದ್ದರೆ ತಮ್ಮ ಮಗುವಿನ ಅರ್ಧ ಕೆಲಸ ಮುಗಿದಿದೆ. ಅಜ್ಜ ಕಲಸುವುದನ್ನು ನೋಡಿಯೇ ಅವನ ಕೈ ಸಿದ್ಧವಾಗಿರುತ್ತದೆ.

ಎಲೆಗಳ ಮಾತನ್ನೂ ಹೇಳಿಬಿಡುತ್ತೇನೆ. ಪಾಠಗಳಲ್ಲಿ ಕಾಣುವ ಅಮೆರಿಕದ ಎಲೆಗಳ ಅಗಲ ಎರಡೂವರೆ ಇಂಚು. ನಮ್ಮ ಅಂಗಡಿಗಳ ಎಷ್ಟೋ ಕಟ್ಟುಗಳು ಎರಡೂಕಾಲು ಇಂಚಿನವು. ಚಿಕ್ಕ ಕೈಗೆ ಕಿರಿದಾದ ಎಲೆಯೇ ವಾಸಿ. ಆದರೆ ನುಣುಪಿನ ವಿಷಯ ಬೇರೆ. ಅವರ ಎಲೆಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ನಡುವೆ ಗಾಳಿ ನಿಂತು ಎಲೆ ಜಾರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಸಾದಾ ಕಾಗದದ ಎಲೆ ಜುಲೈ ತಿಂಗಳಿಗೆ ಹಪ್ಪಳದ ಹಿಟ್ಟಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೀಸಣಿಗೆ ಬಿಡಿಸಲು ಬಾರದೆ ಮಗು ತನ್ನ ಕೈಯನ್ನು ಹಳಿದುಕೊಳ್ಳುತ್ತದೆ. ಹಿಂದಿನ ಜಾದೂಗಾರರು ಇದಕ್ಕೆ ಝಿಂಕ್ ಸ್ಟಿಯರೇಟ್ ಎಂಬ ನುಣ್ಣನೆಯ ಪುಡಿ ಸವರುತ್ತಿದ್ದರು. ಯಾವ ಎಲೆ ಬೇಕು, ಹಳೆಯ ಎಲೆಯಿಂದ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲ ಐದು ನಿಮಿಷದಲ್ಲಿ ಹೇಳದ ಗುರುವಿಗೆ ಶಿಷ್ಯರ ಮೇಲೆ ಅಕ್ಕರೆ ಸಾಲದು. ವಿಶೇಷವಾಗಿ ಮಾಡಿಸಿದ ಎಲೆ ಬೇಕಾಗಿದ್ದು ಅದನ್ನು ಕೊಳ್ಳುವ ಮೊದಲು ತಿಳಿಸದೆ ಇದ್ದರೆ ಅದು ಮೋಸ, ಬೇರೆ ಹೆಸರು ಬೇಡ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಎಲೆಯಾಟಗಳನ್ನು ಬಣ್ಣಿಸಿದ್ದಾರೆ. ಮೈಸೂರಿನ ಗಂಜೀಫಾ ಎಲೆಗಳ ಚಿತ್ರಗಾರಿಕೆ ನೋಡಿದವರಿಗೆ, ಇವನ್ನು ಹಿಡಿದು ಕೈಚಳಕ ಮಾಡುವುದಕ್ಕಿಂತ ಗೋಡೆಗೆ ತೂಗುಹಾಕುವುದೇ ಮೇಲು ಅನಿಸದೆ ಇರದು. ಅದಿರಲಿ.

ಮತ್ತೆ ನಮ್ಮ ಹುಡುಗನ ಬಳಿಗೆ ಬರೋಣ. ಅವನು ಮಾಡಿದ್ದು ಎರಡು ಎಲೆಗಳನ್ನು ಕೂಡಿಸಿ ಒಂದೆಂದು ತೋರಿಸುವ ಯುಕ್ತಿ. ಜಾದೂಗಾರ ಮಿತ್ರರು ಮುನಿಯಬಾರದು; ಈ ಗುಟ್ಟನ್ನು ನಾನು ಒಡೆಯುವ ಮೊದಲೇ ಆರು ವರ್ಷದ ಹುಡುಗಿ ಒಡೆದಾಗಿದೆ. 'ರಾಯಲ್ ರೋಡ್' ಪುಸ್ತಕದಲ್ಲಿ ಈ ಯುಕ್ತಿ ಬರುವುದು ಹತ್ತು ಅಧ್ಯಾಯಗಳಾದ ಮೇಲೆ. ಕಲಸುವುದರಿಂದ ಆರಂಭಿಸಿ, ಎಲೆ ಕೈಯಲ್ಲಿ ಪಳಗಿದ ಬಳಿಕ ಅದು ಬರುತ್ತದೆ. ನಮ್ಮ ಹುಡುಗನ ವೀಡಿಯೋದಲ್ಲಿ ಅದು ನಾಲ್ಕನೆಯ ನಿಮಿಷದಲ್ಲಿಯೇ ಬಂದಿತ್ತು. ಪಾಠಗಳ ಅನುಕ್ರಮ ನೋಡಿದರೆ ಗುರುವಿನ ಮನಸ್ಸು ತಿಳಿಯುತ್ತದೆ. ಅಕ್ಷರ ಬರುವ ಮೊದಲು ಷಟ್ಪದಿ ಬರೆಸುವವನು ಶಿಷ್ಯನಿಗಾಗಿ ಬರೆಸುತ್ತಿಲ್ಲ. "ಐದು ನಿಮಿಷದಲ್ಲಿ ಕಲಿಯಿರಿ" ಎಂಬ ತಲೆಬರಹವಿದ್ದರೆ ಆ ಐದು ನಿಮಿಷವನ್ನೂ ಉಳಿಸಿಕೊಳ್ಳಬಹುದು.

ಎರಡನೆಯದಾಗಿ, ಎಲ್ಲಿ ಕೂತು ಯಾರಿಗೆ ತೋರಿಸುವುದು ಎಂಬ ಮಾತು. ಆ ದೇಶಗಳಲ್ಲಿ ಜಾದೂಗಾರ ಮೇಜಿನ ಒಂದು ಕಡೆ, ನೋಡುವವರು ಎದುರುಗಡೆ. ನಮ್ಮಲ್ಲಿ ಚಾಪೆ. ಸುತ್ತಲೂ ಜನ, ಬೆನ್ನ ಹಿಂದೆ ಮಕ್ಕಳು, ಕಿಟಕಿಯಲ್ಲಿ ಇನ್ನೆರಡು ತಲೆ. ಕೆಲವು ಯುಕ್ತಿಗಳು ಎದುರಿನಿಂದ ಮಾತ್ರ ಸುರಕ್ಷಿತ, ಕೆಲವು ಎಡದಿಂದ ಕಾಣುತ್ತವೆ, ಕೆಲವು ಸುತ್ತ ಎಲ್ಲಿಂದ ನೋಡಿದರೂ ತಡೆಯುತ್ತವೆ. ಇದನ್ನು ಹೇಳುವುದು ಪಾಠದ ಕೊನೆಯ ಉಪಚಾರವಲ್ಲ, ಪಾಠದ ಜೀವ. ಒಳ್ಳೆಯ ಗುರು ಕ್ಯಾಮೆರಾವನ್ನು ಬೇಕೆಂದೇ ಕೆಟ್ಟ ಜಾಗದಲ್ಲಿ ನಿಲ್ಲಿಸಿ "ಇಲ್ಲಿಂದ ನೋಡಿದರೆ ಹೀಗೆ ಬಯಲಾಗುತ್ತದೆ, ಆದ್ದರಿಂದ ಗೋಡೆಗೆ ಬೆನ್ನು ಕೊಟ್ಟು ಕೂರಿ" ಎನ್ನುತ್ತಾನೆ. ತಾನು ಎಡವುವುದನ್ನೂ ತೋರಿಸುತ್ತಾನೆ. ಎಲೆ ಜಾರಿದರೆ ಆಟವನ್ನು ಹೇಗೆ ಬೇರೆ ದಾರಿಗೆ ಹೊರಳಿಸುವುದೆಂದು ಹೇಳುತ್ತಾನೆ. ನಾನು ನೋಡಿದ ಒಂದು ಮುದುಕನ ಪಾಠದಲ್ಲಿ ಕಾಲು ಭಾಗ ಇದೇ ಇತ್ತು. ಬೆಳಕು ಮಂಕು, ಸಂಗೀತವಿಲ್ಲ, ಮೇಜಿನ ಮೇಲೆ ಸುಕ್ಕುಬಿದ್ದ ಬಟ್ಟೆ. ಅಂಥ ಪಾಠ ಇನ್ನೊಂದು ಸಿಕ್ಕಿಲ್ಲ.

ಯುಕ್ತಿ ಯಾರದೆಂದು ಹೇಳುತ್ತಾನೆಯೆ ಎಂಬುದನ್ನೂ ಕಿವಿಗೊಟ್ಟು ಕೇಳಿ. ಜಾದೂವಿನ ಉಪಾಯಗಳನ್ನು ಕಾಯಿದೆ ಕಾಪಾಡುವುದು ಕಷ್ಟ. ಕಾಪಾಡುತ್ತ ಬಂದಿರುವುದು ಅವರವರ ಮರ್ಯಾದೆ. ಇದು ವರ್ನನ್ನನದು, ಇದು ಅರ್ಡ್‌ನೇಸನ ಪುಸ್ತಕದ್ದು ಎಂದು ಹೇಳುವವನ ಪಾಠದಿಂದ ಮುಂದಿನ ದಾರಿಯೂ ಸಿಗುತ್ತದೆ, ಮೂಲ ಪುಸ್ತಕ ಹುಡುಕಬಹುದು. ಎಲ್ಲವೂ ತನ್ನದೇ ಎನ್ನುವವನ ಬಳಿ ದಾರಿ ಅಲ್ಲಿಗೇ ಮುಗಿಯುತ್ತದೆ. ಇನ್ನೊಬ್ಬ ಜಾದೂಗಾರನ ಪ್ರದರ್ಶನವನ್ನು ಹಾಕಿ ಅದರ ಗುಟ್ಟನ್ನು ಬಯಲು ಮಾಡುವುದೇ ಕಸುಬಾದ ವೀಡಿಯೋಗಳಿವೆ. ಅವುಗಳಲ್ಲಿ ಕಲಿಸುವುದು ಏನೂ ಇಲ್ಲ. ಗುಟ್ಟು ತಿಳಿದ ಮಾತ್ರಕ್ಕೆ ಕೈಗೆ ವಿದ್ಯೆ ಬಾರದು.

ತಾಯಿತಂದೆಯರ ಒಂದು ಶಂಕೆ ಉಳಿಯಿತು. ಇಸ್ಪೀಟು ಹಿಡಿದ ಮಗ ಅಂದರ್-ಬಾಹರ್‌ಗೆ ಹೋಗುವುದಿಲ್ಲವೆ? ಅಕ್ಕನೂ ಕೇಳಿದಳು. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜಿಗೆ ಶಿಕ್ಷೆ ಹೇಳುತ್ತದೆಯೇ ಹೊರತು ಜಾದೂವಿಗಲ್ಲ. ಅರ್ಡ್‌ನೇಸನ ಪುಸ್ತಕದ ಮೊದಲರ್ಧ ಜೂಜಿನ ಮೋಸಗಳದ್ದೇ. ಅದನ್ನು ಓದಿದ ಯಾರೂ ಅಪರಿಚಿತರ ಜೊತೆ ದುಡ್ಡು ಕಟ್ಟಿ ಕೂರುವ ಧೈರ್ಯ ಮಾಡಲಾರರು. ಎಲೆ ಹಂಚುವವನ ಕೈ ಏನೇನು ಮಾಡಬಲ್ಲುದೆಂದು ಗೊತ್ತಾದ ಹುಡುಗನ ವಿಷಯದಲ್ಲಿ ನನಗೆ ಭಯ ಕಡಿಮೆ. ಪಾಠದ ನಡುವೆ ಜೂಜಿನ ಆ್ಯಪುಗಳ ಜಾಹೀರಾತು ಬರುವುದುಂಟು. ಭಯಪಡಬೇಕಾದದ್ದು ಅದಕ್ಕೆ, ಅದನ್ನು ಅಕ್ಕನಿಗೆ ಹೇಳಿಬಂದೆ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಹುಡುಗನನ್ನು ಕರೆದು ಗೋಡೆಗೆ ಬೆನ್ನು ಕೊಟ್ಟು ಕೂರಿಸಿದೆ. ಇಪ್ಪತ್ತೊಂದು ಎಲೆಗಳ ಆಟವನ್ನು ಹೇಳಿಕೊಟ್ಟೆ. ಬೆರಳಿಗೆ ಕೆಲಸವಿಲ್ಲದ ಆಟವೆಂದು ಅವನಿಗೆ ಮೊದಲು ತಾತ್ಸಾರ. ಏಕೆ ಹನ್ನೊಂದು ಎಂದು ಬಿಡಿಸಿ ಹೇಳಿದ ಮೇಲೆ ಸುಮ್ಮನೆ ಕೂತು ತಾನೇ ಮೂರು ಸಲ ಮಾಡಿ ನೋಡಿದ. ಹದಿನೈದು ದಿನಗಳ ನಂತರ ರಾತ್ರಿ ಒಂಬತ್ತಕ್ಕೆ ದೂರವಾಣಿ ಬಂತು. "ಮಾವ, ಒಂದ್ ಕಟ್ಟ್ ಇತ್ತಾ?" ಹುಡುಕಿ ತಂದೆ. ನಾನೇ ಎಣಿಸಿದೆ, ನಾನೇ ಸಾಲು ಹಾಕಿದೆ, ಅವನು ಕೇಳಿದ್ದಕ್ಕೆಲ್ಲ ಎರಡು, ಒಂದು, ಮೂರು ಎಂದು ಉತ್ತರ ಕೊಟ್ಟೆ. ಎಲೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತ ಹೋಗಲು ಹೇಳಿದ. ಇಡುತ್ತ ಹೋದೆ. "ನಿಲ್ಲಿ" ಎಂದ. ಕೈಯಲ್ಲಿದ್ದುದು ಕಳಾವರ್ ಒಂಬತ್ತು, ನಾನು ನೆನೆದದ್ದು. ಆಟ ಗೊತ್ತಿದ್ದೂ, ಆ ತುದಿಯಲ್ಲಿ ಅವನು ಎಣಿಸುತ್ತಿದ್ದುದು ನನಗೆ ಕೇಳಿಸಲೇ ಇಲ್ಲ.